ಚೆಂಡು ಕಾಣುವ ಮೊದಲೇ ಬೀಸಬೇಕಾದ ಬ್ಯಾಟು

ವಿಡಿಯೋ ಗೇಮ್ ಚೆನ್ನಾಗಿ ಆಡುವವರ ಬಗ್ಗೆ ನಮ್ಮಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಅವರ ಕೈ ಚುರುಕು, ಹದಿಹರೆಯದ ಬೆರಳುಗಳ ವೇಗ ನಲವತ್ತು ದಾಟಿದವರಿಗೆ ಬರುವುದಿಲ್ಲ ಎಂದು. ಕಾರು ಓಡಿಸುವ, ಗುಂಡು ಹಾರಿಸುವ ಆಟಗಳ ಮಟ್ಟಿಗೆ ಇದರಲ್ಲಿ ಒಂದಿಷ್ಟು ಸತ್ಯ ಇದ್ದೀತು. ಬೇಸ್‌ಬಾಲ್ ಆಟದ ವಿಷಯದಲ್ಲಿ ಮಾತ್ರ ಇದು ತಪ್ಪು, ಎಷ್ಟು ತಪ್ಪು ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಸೋನಿಯ ಸ್ಯಾನ್ ಡಿಯಾಗೊ ಸ್ಟುಡಿಯೋ 2006ರಲ್ಲಿ ಆರಂಭಿಸಿದ ‘ಎಂಎಲ್‌ಬಿ ದ ಶೋ’ ಸರಣಿಯ ಆಟಗಳಲ್ಲಿ ಕಷ್ಟದ ಮಟ್ಟವನ್ನು ಏರಿಸಿಕೊಂಡು ಆಡಿದವರಿಗೆ, ಚೆಂಡನ್ನು ನೋಡಿ ಹೊಡೆಯುತ್ತೇನೆ ಎಂದು ಕುಳಿತರೆ ಏನಾಗುತ್ತದೆ ಎಂಬುದು ಗೊತ್ತೇ ಇರುತ್ತದೆ.

ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್‌ನ ಪಕ್ಕ ನೆಲದ ಮೇಲಿರುವ ಹೋಮ್ ಪ್ಲೇಟ್‌ಗೆ 18.44 ಮೀಟರ್ ದೂರ. ಆತ ಮುಂದಕ್ಕೆ ಹೆಜ್ಜೆ ಚಾಚಿ ಎಸೆಯುವುದರಿಂದ ಚೆಂಡು ಅವನ ಬೆರಳನ್ನು ಬಿಡುವುದು ಪ್ಲೇಟ್‌ನಿಂದ ಸುಮಾರು 16.8 ಮೀಟರ್ ದೂರದಲ್ಲಿ. ಗಂಟೆಗೆ 153 ಕಿಲೋಮೀಟರ್ ವೇಗದ ಚೆಂಡು, ಎಂದರೆ ಸೆಕೆಂಡಿಗೆ ಸುಮಾರು 42 ಮೀಟರ್ ಸಾಗುವ ಚೆಂಡು, ಈ ದೂರವನ್ನು ಹೆಚ್ಚುಕಡಿಮೆ 400 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಒಂದು ದೀಪ ಹೊತ್ತಿದ್ದನ್ನು ಕಂಡು ಒಂದು ಬಟನ್ ಒತ್ತುವುದಕ್ಕೆ, ಯಾವ ಯೋಚನೆಯೂ ಬೇಡದ ಅಷ್ಟು ಸರಳ ಕೆಲಸಕ್ಕೆ, ಆರೋಗ್ಯವಂತ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು. ನಿಜವಾದ ಬ್ಯಾಟರ್ ಬ್ಯಾಟನ್ನು ಬೀಸಿ ಮುಗಿಸಲು ಇನ್ನೂ ಸುಮಾರು 150 ಮಿಲಿಸೆಕೆಂಡು ಕೊಡಬೇಕು. ಪರದೆಯ ಮೇಲಿನ ಬ್ಯಾಟರ್ ಕೂಡ ಬಟನ್ ಒತ್ತಿದ ಕ್ಷಣದಲ್ಲೇ ಚೆಂಡನ್ನು ತಾಗಿಸುವುದಿಲ್ಲ, ಅವನೂ ಬ್ಯಾಟು ಬೀಸಬೇಕು. ಇಷ್ಟನ್ನೂ ಕಳೆದರೆ ಉಳಿಯುವುದು ಬಹುತೇಕ ಸೊನ್ನೆ. ಹುಡುಗನ ಬೆರಳು ಮಧ್ಯವಯಸ್ಕನದಕ್ಕಿಂತ ಇಪ್ಪತ್ತು ಮೂವತ್ತು ಮಿಲಿಸೆಕೆಂಡು ಮುಂದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಚೆನ್ನಾಗಿ ಹೊಡೆಯುವವರೆಲ್ಲ ಚೆಂಡು ಎಲ್ಲಿಗೆ, ಯಾವಾಗ ಬರುತ್ತದೆ ಎಂದು ಮುಂಚಿತವಾಗಿ ಊಹಿಸಿ, ಊಹೆಗೆ ಹೊಡೆಯುತ್ತಿರುತ್ತಾರೆ.

ಮನೆಯ ಟಿವಿ ಈ ಕೊರತೆಯ ಮೇಲೆ ಇನ್ನೊಂದು ಕೊರತೆಯನ್ನು ಹೇರುತ್ತದೆ. ಸೆಕೆಂಡಿಗೆ 60 ಚಿತ್ರಗಳಂತೆ ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡು, ಅಷ್ಟರಲ್ಲಿ ಆ ಚೆಂಡು 70 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಸಿನಿಮಾ ನುಣುಪಾಗಿ ಕಾಣಲೆಂದು ಟಿವಿ ತಯಾರಕರು ಸೇರಿಸಿರುವ ಚಿತ್ರ ಸಂಸ್ಕರಣೆ 50 ಮಿಲಿಸೆಕೆಂಡು ತಿಂದರೂ ಸಾಕು, ನೀವು ನೋಡುತ್ತಿರುವುದು ನಿಜವಾದ ಜಾಗಕ್ಕಿಂತ ಎರಡು ಮೀಟರ್ ಹಿಂದಿರುವ ಚೆಂಡನ್ನು. ಟಿವಿಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಆರಿಸಿದರೆ ಈ ವಿಳಂಬದ ಬಹುಪಾಲು ಹೋಗುತ್ತದೆ. ಹೊಸ ಕಂಟ್ರೋಲರ್‌ಗೆ ದುಡ್ಡು ಸುರಿಯುವ ಮೊದಲು ಖರ್ಚಿಲ್ಲದ ಈ ಕೆಲಸವನ್ನು ಮಾಡುವವರು ಏಕೋ ಕಡಿಮೆ.

ಹಾಗಾದರೆ ಊಹೆಗೆ ಬೇಕಾದ ಸಾಮಗ್ರಿ ಕಣ್ಣಿಗೆ ಎಲ್ಲಿಂದ ಸಿಗುತ್ತದೆ? ಚಪ್ಪಟೆ ಪರದೆಯಲ್ಲಿ ಆಳವಿಲ್ಲ. ಎರಡು ಕಣ್ಣುಗಳಿಗೂ ಒಂದೇ ಚಿತ್ರ ತಲುಪುವುದರಿಂದ ಎರಡು ನೋಟಗಳ ವ್ಯತ್ಯಾಸದಿಂದ ದೂರ ಅಳೆಯುವ ನಮ್ಮ ಸಹಜ ಉಪಾಯ ಇಲ್ಲಿ ನಡೆಯುವುದಿಲ್ಲ. ಉಳಿಯುವ ಮುಖ್ಯ ಸುಳಿವು ಚೆಂಡಿನ ಗಾತ್ರ, ಅದಕ್ಕಿಂತಲೂ ಹೆಚ್ಚಾಗಿ ಆ ಗಾತ್ರ ಬೆಳೆಯುವ ದರ. ರಾತ್ರಿ ಹೆದ್ದಾರಿ ದಾಟಲು ನಿಂತವನಿಗೆ ದೂರದ ಲಾರಿಯ ಎರಡು ದೀಪಗಳು ಬಹಳ ಹೊತ್ತು ಇದ್ದಲ್ಲೇ ಇದ್ದಂತೆ ಕಂಡು, ಆಮೇಲೆ ಇದ್ದಕ್ಕಿದ್ದಂತೆ ಅಗಲವಾಗಿ ಮೈಮೇಲೆ ಬಂದಂತಾಗುತ್ತದಲ್ಲವೇ, ಅದರ ಹಿಂದಿರುವುದೂ ಇದೇ ಗಣಿತ. ಕಣ್ಣಿನಲ್ಲಿ ಮೂಡುವ ಗಾತ್ರವನ್ನು ಅದು ಬೆಳೆಯುತ್ತಿರುವ ದರದಿಂದ ಭಾಗಿಸಿದರೆ ಬರುವುದು ನೇರವಾಗಿ ಸಮಯ: ವಸ್ತು ನಮ್ಮನ್ನು ಮುಟ್ಟಲು ಉಳಿದಿರುವ ಸಮಯ. ದೂರ ತಿಳಿಯಬೇಕಿಲ್ಲ, ವೇಗವೂ ತಿಳಿಯಬೇಕಿಲ್ಲ. ಕಾರಿನ ಚಾಲಕರು ಬ್ರೇಕ್ ಹಾಕುವ ಹೊತ್ತನ್ನು ಹೇಗೆ ನಿರ್ಧರಿಸುತ್ತಾರೆ ಎಂದು ವಿವರಿಸುತ್ತ ಮನೋವಿಜ್ಞಾನಿ ಡೇವಿಡ್ ಲೀ 1976ರಲ್ಲಿ ಈ ಭಾಗಲಬ್ಧಕ್ಕೆ ಗ್ರೀಕ್ ಅಕ್ಷರ ‘ಟೌ’ವಿನ ಹೆಸರಿಟ್ಟರು. ನನಗೆ ತಿಳಿದಿರುವ ಅತ್ಯಂತ ಚೆಲುವಾದ ಭಾಗಾಕಾರಗಳಲ್ಲಿ ಇದೊಂದು.

ಪರದೆಯ ಬೇಸ್‌ಬಾಲ್‌ನಲ್ಲಿ ಈ ಭಾಗಾಕಾರಕ್ಕೆ ಒಂದು ತೊಡಕಿದೆ. ಅದನ್ನು ಅರಿತವನಿಗೆ ಆಟ ಅರ್ಧ ಸುಲಭವಾಗುತ್ತದೆ. ನೀವು ಆಟವನ್ನು ನೋಡುವ ಕ್ಯಾಮೆರಾ ಪ್ಲೇಟ್‌ನ ಹಿಂದೆ ಇರುತ್ತದೆ. ಅದು 3 ಮೀಟರ್ ಹಿಂದಿದೆ ಎಂದು ಭಾವಿಸೋಣ. ಪಿಚರ್‌ನ ಕೈ ಬಿಟ್ಟಾಗ ಚೆಂಡು ಕ್ಯಾಮೆರಾದಿಂದ 19.8 ಮೀಟರ್ ದೂರದಲ್ಲಿರುತ್ತದೆ. ನೀವು ನಿರ್ಧಾರ ಮಾಡಿ ಮುಗಿಸಬೇಕಾದ 200 ಮಿಲಿಸೆಕೆಂಡಿನ ಹೊತ್ತಿಗೆ ಸುಮಾರು 11.4 ಮೀಟರ್ ದೂರದಲ್ಲಿರುತ್ತದೆ. ಎಂದರೆ ಪರದೆಯ ಮೇಲೆ ಅದರ ಗಾತ್ರ ಆಗ ಒಂದೂಮುಕ್ಕಾಲು ಪಟ್ಟು ಮಾತ್ರ ಬೆಳೆದಿರುತ್ತದೆ. ಪ್ಲೇಟ್ ತಲುಪುವಾಗ ಅದು ಆರು ಪಟ್ಟಿಗೂ ಮೀರಿ ದೊಡ್ಡದಾಗಿರುತ್ತದೆ, ಆದರೆ ಆ ಬೆಳವಣಿಗೆಯ ಬಹುಭಾಗ ನಡೆಯುವುದು ನಿರ್ಧಾರದ ಗಡುವು ಮುಗಿದ ಮೇಲೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಕಣ್ಣು ಹೇಳುವ ಸಮಯ ಚೆಂಡು ಕ್ಯಾಮೆರಾವನ್ನು ಮುಟ್ಟುವ ಸಮಯವೇ ಹೊರತು ಪ್ಲೇಟನ್ನು ಮುಟ್ಟುವ ಸಮಯವಲ್ಲ. ಚೆಂಡು ಪ್ಲೇಟನ್ನು ದಾಟುವುದು ಅದಕ್ಕಿಂತ ಸುಮಾರು 70 ಮಿಲಿಸೆಕೆಂಡು, ಎಂದರೆ ನಾಲ್ಕು ಫ್ರೇಮ್ ಮೊದಲು. ಹೊಸಬರು ವೇಗದ ಚೆಂಡಿಗೆ ಸದಾ ತಡವಾಗಿ ಬೀಸುವುದಕ್ಕೆ ಇದೂ ಒಂದು ಕಾರಣವೆಂಬುದು ನನ್ನ ಅಭಿಪ್ರಾಯ. ದಿನಕ್ಕೊಂದು ಕ್ಯಾಮೆರಾ ಬದಲಿಸುವವರು ಮಿದುಳು ಕಷ್ಟಪಟ್ಟು ಕಲಿತ ಈ ವ್ಯತ್ಯಾಸವನ್ನು ದಿನಕ್ಕೊಮ್ಮೆ ಅಳಿಸಿಹಾಕುತ್ತಿರುತ್ತಾರೆ. ಸ್ಟ್ರೈಕ್ ಜೋನ್‌ಗೆ, ಎಂದರೆ ಪ್ಲೇಟ್‌ನ ಮೇಲೆ ಚೆಂಡು ಹಾಯಬೇಕಾದ ಕಲ್ಪಿತ ಚೌಕಟ್ಟಿಗೆ, ಹತ್ತಿರವಾದ ಒಂದು ಕ್ಯಾಮೆರಾ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳುವುದು ಲೇಸು.

ಎಲ್ಲಿ ನೋಡಬೇಕು ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಕಣ್ಣು ತೀಕ್ಷ್ಣವಾಗಿ ಕಾಣುವುದು ನೋಟದ ನಡುವಿನ ಸುಮಾರು ಎರಡು ಡಿಗ್ರಿಯಷ್ಟು ಜಾಗವನ್ನು ಮಾತ್ರ. ಎರಡೂವರೆ ಮೀಟರ್ ದೂರದ ಟಿವಿಯಲ್ಲಿ ಅದು ಒಂಬತ್ತು ಸೆಂಟಿಮೀಟರ್ ಅಗಲದ ತುಣುಕು. ಎಡ ಸ್ಟಿಕ್‌ನಿಂದ ಸರಿಸುವ, ಆಟಗಾರರು ಪಿಸಿಐ ಎನ್ನುವ ಗುರಿ ಚಿಹ್ನೆಯ ಮೇಲೆ ದೃಷ್ಟಿ ನೆಟ್ಟವನಿಗೆ ಪಿಚರ್‌ನ ಕೈ ಮಸುಕಾಗುತ್ತದೆ, ಮತ್ತು ನೋಟವನ್ನು ಅಲ್ಲಿಂದ ಕೀಳಲು ಬೇಕಾಗುವ ಸಮಯ ಅವನ ಬಳಿ ಇರುವುದಿಲ್ಲ. ಪಳಗಿದವರು ಚೆಂಡು ಕೈಬಿಡುವ ಬಿಂದುವನ್ನೇ ನೋಡುತ್ತ, ಗುರಿಯನ್ನು ಹೆಬ್ಬೆರಳಿನ ಅಂದಾಜಿಗೆ ಬಿಡುತ್ತಾರೆ. ಕ್ರಿಕೆಟ್ ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ದಾಖಲಿಸಿದ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯಾಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದ್ದನ್ನೇ ತೋರಿಸಿತು: ಅವರು ಚೆಂಡು ಕೈಬಿಡುವುದನ್ನು ನೋಡಿ, ನಂತರ ಅದು ಪುಟಿಯಲಿರುವ ಜಾಗಕ್ಕೆ ನೋಟವನ್ನು ಮೊದಲೇ ಹಾರಿಸಿ ಕಾಯುತ್ತಾರೆ. ಬೇಸ್‌ಬಾಲ್‌ನಲ್ಲಿ ಚೆಂಡು ಪುಟಿಯುವುದಿಲ್ಲವಾದ್ದರಿಂದ ಎರಡನೆಯ ಆ ಆಸರೆಯೂ ಇಲ್ಲ. ‘ಬ್ಯಾಟಿಗೆ ತಾಗುವವರೆಗೂ ಚೆಂಡಿನಿಂದ ಕಣ್ಣು ತೆಗೆಯಬೇಡ’ ಎಂಬ ಕೋಚ್‌ಗಳ ಹಳೆಯ ಉಪದೇಶ ಕಣ್ಣಿಗೆ ಸಾಧ್ಯವೇ ಇಲ್ಲದ ಕೆಲಸ ಎಂಬುದನ್ನು ಅಮೆರಿಕದ ಟೆರಿ ಬೇಹಿಲ್ 1980ರ ದಶಕದಲ್ಲಿಯೇ ಅಳೆದು ತೋರಿಸಿದ್ದರು.

ಕೈಬಿಡುವ ಬಿಂದುವಿನಲ್ಲಿ ಕಾಣುವುದಾದರೂ ಏನು? ಚೆಂಡಿನ ತಿರುಗುವಿಕೆಯ ಮೊದಲ ಪರಿಣಾಮ. ತಿರುಗುವ ಚೆಂಡು ಗಾಳಿಯಲ್ಲಿ ಬಾಗುತ್ತದೆ ಎಂಬುದನ್ನು ನ್ಯೂಟನ್ 1672ರ ಒಂದು ಪತ್ರದಲ್ಲಿ ಟೆನಿಸ್ ಚೆಂಡಿನ ಉದಾಹರಣೆಯೊಂದಿಗೆ ಗುರುತಿಸಿದ್ದರು. ಫಿರಂಗಿ ಗುಂಡುಗಳು ದಾರಿ ತಪ್ಪುವುದನ್ನು ಕುರಿತು ಹೆನ್ರಿಕ್ ಮ್ಯಾಗ್ನಸ್ 1852ರಲ್ಲಿ ನಡೆಸಿದ ಪ್ರಯೋಗಗಳಿಂದ ಅದಕ್ಕೆ ಮ್ಯಾಗ್ನಸ್ ಪರಿಣಾಮವೆಂಬ ಹೆಸರು ಬಂತು. ಆದರೂ ಅಮೆರಿಕದಲ್ಲಿ, ಬಾಗಲೆಂದೇ ತಿರುಗಿಸಿ ಎಸೆಯುವ ಕರ್ವ್‌ಬಾಲ್ ಬಗ್ಗೆ ‘ಅದು ಬಾಗುವುದೇ ಇಲ್ಲ, ಬರೀ ದೃಷ್ಟಿಭ್ರಮೆ’ ಎಂಬ ವಾದ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಎಳೆದುಕೊಂಡು ಬಂತು. ಕೊನೆಗೆ 1959ರಲ್ಲಿ, ರಾಷ್ಟ್ರೀಯ ಮಾನಕ ಸಂಸ್ಥೆಯ ನಿರ್ದೇಶಕರಾಗಿ ನಿವೃತ್ತರಾಗಿದ್ದ ಲೈಮನ್ ಬ್ರಿಗ್ಸ್ ಗಾಳಿ ಸುರಂಗದಲ್ಲಿ ಅಳೆದು, ಚೆಂಡು ಹದಿನೇಳೂವರೆ ಇಂಚಿನವರೆಗೆ ಬಾಗಬಲ್ಲದು ಎಂದು ಪ್ರಕಟಿಸಿದರು. ವಿಚಿತ್ರವೆಂದರೆ, ನಿಜವಾದ ದೃಷ್ಟಿಭ್ರಮೆ ಇರುವುದು ಯಾರೂ ಶಂಕಿಸದ ನೇರ ಎಸೆತದಲ್ಲಿ. 400 ಮಿಲಿಸೆಕೆಂಡಿನಲ್ಲಿ ಗುರುತ್ವವೊಂದೇ ಚೆಂಡನ್ನು 78 ಸೆಂಟಿಮೀಟರ್ ಕೆಳಗೆ ಎಳೆಯಬೇಕು. ಹಿಮ್ಮುಖವಾಗಿ ತಿರುಗುವ ವೇಗದ ಚೆಂಡಿನಲ್ಲಿ ಮ್ಯಾಗ್ನಸ್ ಬಲ ಅದರಲ್ಲಿ ಅರ್ಧದಷ್ಟನ್ನು ರದ್ದು ಮಾಡುತ್ತದೆ. ಹೆಚ್ಚು ಬೀಳುತ್ತದೆಂದು ಎಣಿಸಿದ್ದ ಮಿದುಳಿಗೆ, ಕಡಿಮೆ ಬಿದ್ದ ಚೆಂಡು ಕೊನೆಯಲ್ಲಿ ಮೇಲೆದ್ದಂತೆ ತೋರುತ್ತದೆ. ಸ್ಟ್ರೈಕ್ ಜೋನ್‌ನ ಮೇಲಂಚಿನ ವೇಗದ ಎಸೆತದ ಕೆಳಗೇ ಬ್ಯಾಟು ಹಾದುಹೋಗುತ್ತಿದ್ದರೆ ಗುರಿಯನ್ನು ಮನಸ್ಸು ಒಪ್ಪುವುದಕ್ಕಿಂತ ತುಸು ಮೇಲಿಡಬೇಕು. ಕರ್ವ್‌ಬಾಲ್ ಇದಕ್ಕೆ ವಿರುದ್ಧ. ಅದು ಕೈಬಿಟ್ಟ ಕೂಡಲೇ ಸ್ವಲ್ಪ ಮೇಲಕ್ಕೆ ಚಿಮ್ಮಿದಂತೆ ಕಾಣುತ್ತದೆ, ಏಕೆಂದರೆ ಅಷ್ಟು ಬಿದ್ದೂ ಜೋನ್ ತಲುಪಬೇಕಾದರೆ ಅದು ಮೇಲ್ಮುಖವಾಗಿಯೇ ಹೊರಡಬೇಕು. ಆ ಚಿಮ್ಮುವಿಕೆ ಕಂಡರೆ ಕೈ ತಡೆಹಿಡಿಯುವುದು, ಅಷ್ಟೇ.

ಇಷ್ಟೆಲ್ಲವನ್ನು ಆ ಅಲ್ಪ ಸಮಯದಲ್ಲಿ ವಿಂಗಡಿಸಬೇಕಾದರೆ ಆಯ್ಕೆಗಳು ಕಡಿಮೆಯಿರಬೇಕು. ಆಯ್ಕೆಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಪ್ರತಿಕ್ರಿಯೆಯ ಸಮಯ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಏರುತ್ತದೆ ಎಂದು ವಿಲಿಯಂ ಹಿಕ್ 1952ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಎದುರಾಳಿಯ ಬಳಿ ಐದು ಬಗೆಯ ಎಸೆತಗಳಿದ್ದರೂ ನೀವು ಒಂದಕ್ಕೆ ಮಾತ್ರ ಸಿದ್ಧರಾಗಿ ಕುಳಿತಿರಬೇಕು, ಆ ಒಂದು ಅತಿ ವೇಗದ ಎಸೆತವೇ ಆಗಿರಬೇಕು. ವೇಗಕ್ಕೆ ಸಿದ್ಧನಾದವನು ನಿಧಾನದ ಚೆಂಡಿಗೆ ತಡೆದು ಹೊಡೆಯಬಲ್ಲ. ನಿಧಾನಕ್ಕೆ ಸಿದ್ಧನಾದವನಿಗೆ ಕಳೆದುಹೋದ ಸಮಯ ಹಿಂದಕ್ಕೆ ಬಾರದು. ಬ್ಯಾಟರ್‌ನ ಈ ಅನಿವಾರ್ಯತೆಯ ಮೇಲೆಯೇ ‘ಚೇಂಜ್‌ಅಪ್’ ಎಸೆತ ಬದುಕಿರುವುದು: ಅದೇ ತೋಳು, ಅದೇ ವೇಗದ ನಟನೆ, ಆದರೆ ಗಂಟೆಗೆ ಹದಿನಾರು ಕಿಲೋಮೀಟರ್ ಕಡಿಮೆ ವೇಗ, ಸುಮಾರು ಮೂರು ಫ್ರೇಮ್‌ಗಳ ವಂಚನೆ. ನಮ್ಮ ವೆಂಕಟೇಶ್ ಪ್ರಸಾದರ ನಿಧಾನದ ಎಸೆತಗಳನ್ನು ನೋಡಿದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಗದ ವಿಷಯದಲ್ಲಿಯೂ ಹೀಗೆಯೇ. 1941ರಲ್ಲಿ .406 ಸರಾಸರಿ, ಎಂದರೆ ಸಾವಿರ ಪ್ರಯತ್ನಕ್ಕೆ 406 ಯಶಸ್ವಿ ಹೊಡೆತಗಳ ದರ, ಗಳಿಸಿದ ಅಮೆರಿಕದ ಬ್ಯಾಟರ್ ಟೆಡ್ ವಿಲಿಯಮ್ಸ್ ಸ್ಟ್ರೈಕ್ ಜೋನನ್ನು 77 ಚೆಂಡುಗಳಷ್ಟು ಜಾಗಗಳಾಗಿ ವಿಂಗಡಿಸಿ, ನಡುವಿನವುಗಳಲ್ಲಿ ತನಗೆ .400 ಸಿಕ್ಕರೆ ಹೊರಗಿನ ಕೆಳಮೂಲೆಯಲ್ಲಿ .230 ಮಾತ್ರ ಎಂದು ಅಂದಾಜಿಸಿದ್ದರು. ಮೂರಾದರೆ ಔಟಾಗುವ ಸ್ಟ್ರೈಕ್‌ಗಳು ಎರಡಾಗುವ ತನಕ ಆ ಮೂಲೆಯನ್ನು ಎದುರಾಳಿಗೇ ಬಿಟ್ಟುಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಇಷ್ಟಾದ ಮೇಲೂ ಸೋಲು ಬರುತ್ತದೆ, ಮತ್ತು ಸೋಲಿನ ಜೊತೆಗೆ ಮೂಢನಂಬಿಕೆ. ಸರಿಯಾಗಿ ತಾಗಿದ ಚೆಂಡು ನೇರವಾಗಿ ಫೀಲ್ಡರ್‌ನ ಕೈಗೆ ಹೋದಾಗ, ಸೋಲುತ್ತಿರುವವನಿಗೆ ಆಟವೇ ಗುಟ್ಟಾಗಿ ನೆರವಾಗುತ್ತದೆ ಎಂದು ದೂರುವವರು, ಇಂಥ ಸಮವಸ್ತ್ರ ಹಾಕಿದರೆ ಮಾತ್ರ ಹೋಮ್ ರನ್ ಬರುತ್ತದೆ ಎಂದು ನಂಬುವವರು ಕಡಿಮೆಯಿಲ್ಲ. ಹತ್ತಕ್ಕೆ ಮೂರು ಸಲ ಹಿಟ್ ಗಳಿಸುವ ಒಳ್ಳೆಯ ಬ್ಯಾಟರ್ ಒಂದು ಪಂದ್ಯದ ನಾಲ್ಕು ಸರದಿಗಳಲ್ಲಿ ಸತತವಾಗಿ ವಿಫಲನಾಗುವ ಸಂಭವ 0.7ರ ನಾಲ್ಕನೆಯ ಘಾತ, ಎಂದರೆ ಶೇಕಡಾ 24. ನಾಲ್ಕು ಪಂದ್ಯಕ್ಕೊಮ್ಮೆ ನಡೆಯುವ ಸಂಗತಿಗೆ ಪಿತೂರಿಯ ವಿವರಣೆ ಬೇಕಿಲ್ಲ. ಬೇಸ್‌ಬಾಲ್ ಆಡಿ, ನಂತರ ಮಾನವಶಾಸ್ತ್ರಜ್ಞರಾದ ಜಾರ್ಜ್ ಗ್ಮೆಲ್ಚ್ 1971ರಲ್ಲಿ ಒಂದು ಸ್ವಾರಸ್ಯವನ್ನು ಗುರುತಿಸಿದರು: ಆಟಗಾರರ ಹರಕೆ, ಶಕುನಗಳೆಲ್ಲ ಎಸೆಯುವುದು ಮತ್ತು ಹೊಡೆಯುವುದರ ಸುತ್ತಲೇ ಇವೆ, ಬಹುತೇಕ ಯಾವಾಗಲೂ ಯಶಸ್ಸು ಸಿಗುವ ಫೀಲ್ಡಿಂಗ್‌ನಲ್ಲಿ ಅವು ವಿರಳ. ಅದೃಷ್ಟದ ಪಾಲು ಎಲ್ಲಿ ಹೆಚ್ಚೋ ಅಲ್ಲೇ ಮಂತ್ರ ಹುಟ್ಟುತ್ತದೆ. ಪ್ರತಿ ಬೀಸಿನ ನಂತರ ಬೇಗವಾಯಿತು, ತಡವಾಯಿತು, ಸರಿಯಿತ್ತು ಎಂದು ಆಟವೇ ತೋರಿಸುವ ಸೂಚನೆಯನ್ನು ನೋಡುವವನಿಗೆ ಫಲಿತಾಂಶದ ಬಗ್ಗೆ ಚಡಪಡಿಕೆ ಕಡಿಮೆಯಾಗುತ್ತದೆ, ಏಕೆಂದರೆ ತನ್ನ ಕೈಯಲ್ಲಿರುವ ಭಾಗ ಎಷ್ಟೆಂಬುದು ಅವನಿಗೆ ಕಾಣುತ್ತಿರುತ್ತದೆ.

ಎಸೆಯುವ ಸರದಿ ಬಂದಾಗ ಈ ವಿಜ್ಞಾನವೆಲ್ಲ ತಲೆಕೆಳಗಾಗಿ ಉಪಯೋಗಕ್ಕೆ ಬರುತ್ತದೆ. ಎದುರಾಳಿ ಊಹೆಯಿಂದಲೇ ಹೊಡೆಯುವವನಾದರೆ ನಿಮ್ಮ ಕೆಲಸ ಊಹೆಗೆ ಸಿಗದಿರುವುದು. ಇಬ್ಬರ ನಡುವಿನ ಇಂಥ ಸ್ಪರ್ಧೆಯಲ್ಲಿ ಆಯ್ಕೆಗಳನ್ನು ಗೊತ್ತಾದ ಪ್ರಮಾಣದಲ್ಲಿ, ಆದರೆ ಗೊತ್ತಾಗದ ಕ್ರಮದಲ್ಲಿ ಬೆರೆಸುವುದೇ ಸರಿಯಾದ ತಂತ್ರ ಎಂಬುದು ಜಾನ್ ವಾನ್ ನಾಯ್ಮನ್ 1928ರಲ್ಲಿ ಸಾಧಿಸಿದ ಪ್ರಮೇಯದಿಂದ ಹೊರಡುತ್ತದೆ. ಮನುಷ್ಯನಿಗೆ ಇದು ಕಷ್ಟ. ಮನಬಂದಂತೆ ಆರಿಸು ಎಂದರೆ ನಾವು ವಿಪರೀತ ಬದಲಾಯಿಸುತ್ತೇವೆ. ಎರಡು ವೇಗದ ಎಸೆತಗಳಾದ ಮೇಲೆ ಮೂರನೆಯದೂ ಅದೇ ಆಗಬಹುದೆಂದು ನಮ್ಮ ಕೈ ಒಪ್ಪುವುದೇ ಇಲ್ಲ, ಅನುಭವಿ ಬ್ಯಾಟರ್‌ಗೆ ಅಷ್ಟು ತಿಳಿದರೆ ಸಾಕು. ಇದಕ್ಕೆ ಸುಲಭವಾದ ಪರಿಹಾರವೊಂದಿದೆ: ಆಯ್ಕೆಯನ್ನು ಮನಸ್ಸಿನಿಂದ ಕಿತ್ತು ಗಡಿಯಾರಕ್ಕೆ ಕೊಡುವುದು. ನಿಮ್ಮ ಪಿಚರ್‌ನ ವೇಗದ ಎಸೆತ ನೂರಕ್ಕೆ ಅರುವತ್ತು ಸಲ ಬೇಕೆಂದಿದ್ದರೆ, ಎಸೆಯುವ ಮುನ್ನ ಸೆಕೆಂಡಿನ ಮುಳ್ಳನ್ನು ನೋಡಿ, ಅದು 36ನ್ನು ದಾಟಿರದಿದ್ದರೆ ವೇಗದ್ದನ್ನೇ ಎಸೆಯಿರಿ, ದಾಟಿದ್ದರೆ ಬೇರೆಯದನ್ನು.