ಉತಮಾರೊ ಚಿತ್ರ ನೋಡುವಾಗ ಕೂದಲಿನಿಂದ ಶುರು ಮಾಡಿ

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಹೆಣ್ಣಿನ ಚೆಲುವನ್ನು ತೋರಿಸುವ ಬಗೆಗೆ ‘ಬಿಜಿನ್-ಗಾ’ ಅನ್ನುತ್ತಾರೆ. ಬಿಜಿನ್ ಅಂದರೆ ಚೆಲುವೆ, ಗಾ ಅಂದರೆ ಚಿತ್ರ. ಮೊದಲ ಸಲ ನೋಡಿದಾಗ ಮುಖಗಳೆಲ್ಲ ಒಂದೇ ಥರ ಕಾಣುತ್ತವೆ, ಅಲ್ವಾ? ಅದಕ್ಕೇ ಕಣ್ಣು, ಮೂಗು ಬಿಟ್ಟು ಹಣೆಯಂಚಿನ ಕೂದಲನ್ನು ನೋಡಿ.

ಇಂಥ ಚಿತ್ರಗಳಿಗೆ ಹೆಸರಾದ ಚಿತ್ರಕಾರ ಕಿತಾಗಾವಾ ಉತಮಾರೊ (1806ರಲ್ಲಿ ತೀರಿಕೊಂಡ) ಕಾಗದದ ಮೇಲೆ ಕುಂಚದಲ್ಲಿ ಗೆರೆ ಎಳೆದು ಕೊಡುತ್ತಿದ್ದ. ಆ ಕಾಗದವನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಅದರ ಮೇಲೆಯೇ ಕೆತ್ತುತ್ತಿದ್ದರು. ಮೂಲ ಚಿತ್ರ ಅಲ್ಲಿಗೇ ಹೋಯಿತು. ಕೂದಲಿನ ಗೆರೆಯನ್ನು ಕೊರೆಯುವುದಲ್ಲ, ಅದರ ಎರಡೂ ಕಡೆಯ ಮರವನ್ನು ತೆಗೆದು ಗೆರೆಯನ್ನು ಉಳಿಸಬೇಕು. ಉಳಿ ಒಂಚೂರು ಜಾರಿದರೆ ಎಳೆ ಮುರಿಯುತ್ತದೆ. ಆ ಕೂದಲಿನ ಮೃದುತನದಲ್ಲಿ ಅರ್ಧ ಪಾಲು ಕೆತ್ತುವವನದು. ಆದರೂ ಅವನ ಹೆಸರು ಸಾಮಾನ್ಯವಾಗಿ ಚಿತ್ರದಲ್ಲಿ ಇರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಕಾಗದ ಅತ್ತಿತ್ತ ಸರಿಯದಂತೆ ಹಲಗೆಯಂಚಿನಲ್ಲಿ ‘ಕೆಂಟೊ’ ಎಂಬ ಗುರುತು. ಹಿನ್ನೆಲೆಗೆ ಕೆಲವೊಮ್ಮೆ ಅಭ್ರಕದ ಪುಡಿ. ಕಾಗದವನ್ನು ಸ್ವಲ್ಪ ಓರೆ ಮಾಡಿದರೆ ಬೆಳ್ಳಿಯಂತೆ ಹೊಳೆಯುತ್ತದೆ.

ಇನ್ನು ಸೆಳೆತದ ಮಾತು. 1788ರ ‘ಉತಾ ಮಕುರಾ’ ಪ್ರಣಯದ ಚಿತ್ರಗಳ ಪುಸ್ತಕ. ಅದರ ಒಂದು ಪುಟದಲ್ಲಿ ಜೋಡಿಯೊಂದು ಮಹಡಿಯ ಕೋಣೆಯಲ್ಲಿದೆ. ಅವಳು ನಮಗೆ ಬೆನ್ನು ಹಾಕಿದ್ದಾಳೆ. ಕಾಣುವುದು ಬೆಳ್ಳಗಿನ ಕತ್ತಿನ ಹಿಂಭಾಗ, ಮೇಲೆ ಕಟ್ಟಿದ ಕಪ್ಪು ಕೂದಲು, ತೆಳು ಬಟ್ಟೆ. ಅವಳ ಕೂದಲಂಚಿನಲ್ಲಿ ಅವನ ಒಂದೇ ಒಂದು ಕಣ್ಣು. ಮುಖ ತೋರಿಸದೆಯೇ ಇಷ್ಟು ಹತ್ತಿರದ ಭಾವ ತಂದ ಚಿತ್ರ ಇನ್ನೊಂದನ್ನು ನಾನು ನೋಡಿಲ್ಲ.

ಉತಮಾರೊ ಬರೆದವರಲ್ಲಿ ಊರಿಗೆಲ್ಲ ಗೊತ್ತಿದ್ದ ಹುಡುಗಿಯರೂ ಇದ್ದರು. ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಅಸಾಕುಸಾದಲ್ಲಿ ನಾನಿವಾಯ ಎಂಬ ಚಹಾ ಅಂಗಡಿಯ ಒಕಿತಾ ಅವರಲ್ಲೊಬ್ಬಳು. ಇಂಥವರ ಹೆಸರನ್ನು ಚಿತ್ರದಲ್ಲಿ ಹಾಕಬಾರದೆಂದು 1793ರಲ್ಲಿ ಸರ್ಕಾರ ತಡೆ ಹಾಕಿತು. ಆಗ ಮೂಲೆಯಲ್ಲಿ ಒಗಟು ಬಂತು: ಎರಡು ಕಟ್ಟು ಸೊಪ್ಪು, ಬಾಣ, ದಡದಾಚೆಯ ಕಡಲು, ಗದ್ದೆ. ಜಪಾನಿಯಲ್ಲಿ ಸೊಪ್ಪು ‘ನಾ’, ಎರಡು ‘ನಿ’, ಕಟ್ಟು ‘ವಾ’, ಬಾಣ ‘ಯ’, ಆ ಕಡಲು ‘ಒಕಿ’, ಗದ್ದೆ ‘ತಾ’. ಕೂಡಿಸಿ ಓದಿದರೆ ನಾನಿವಾಯ ಒಕಿತಾ! 1796ರಲ್ಲಿ ಈ ಒಗಟಿಗೂ ತಡೆ ಬಿತ್ತು.