ಬಾಂಡ್ ಪೇಪರ್ ಮೇಲೆ ಬರೆದರೆ ಡೈವೋರ್ಸ್ ಆಗುವುದಿಲ್ಲ

ಚನ್ನಗಿರಿ ಕಡೆಯ ಒಬ್ಬ ಹೆಣ್ಣುಮಗಳು ತನ್ನ ತಂದೆಯ ಜೊತೆ ದಾವಣಗೆರೆಯ ನನ್ನ ವಕೀಲಿ ಆಫೀಸಿಗೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಒಂದು ಬಾಂಡ್ ಪೇಪರ್ ತೆಗೆದು ಮೇಜಿನ ಮೇಲಿಟ್ಟರು. ನೂರು ರೂಪಾಯಿಯ ಇ-ಸ್ಟಾಂಪ್. ಮೇಲೆ 'ವಿವಾಹ ವಿಚ್ಛೇದನ ಒಪ್ಪಂದ ಪತ್ರ' ಅಂತ ತಲೆಬರಹ. ಗಂಡನ ಸಹಿ, ಹೆಂಡತಿ ಸಹಿ, ಎರಡೂ ಕಡೆಯ ಹಿರಿಯರ ಸಹಿ, ಕೆಳಗೆ ನೋಟರಿಯ ಮೊಹರು.

"ಡೈವೋರ್ಸ್ ಆಗಿ ಆರು ವರ್ಷ ಆತು ಮೇಡಂ. ಹುಡುಗನ ಫೀಸಿಗೆ ಏನಾದ್ರೂ ಕೊಡಿಸೋಕೆ ಆಗುತ್ತಾ ನೋಡಿ" ಅಂದರು ತಂದೆ.

ಡೈವೋರ್ಸ್ ಆಗಿರಲೇ ಇಲ್ಲ. ಈ ಮಾತು ಹೇಳುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಆರು ವರ್ಷದಿಂದ ಆ ಹೆಣ್ಣುಮಗಳು ತಾನು ಬಿಡುಗಡೆಯಾದವಳು ಅಂದುಕೊಂಡಿದ್ದರು. ಅತ್ತ ಗಂಡ ಇನ್ನೊಂದು ಮದುವೆ ಆಗಿದ್ದ. ಕಾನೂನಿನ ಕಣ್ಣಲ್ಲಿ ಇವರು ಇವತ್ತಿಗೂ ಅವನ ಹೆಂಡತಿ. ಅವನ ಎರಡನೇ ಮದುವೆ ಮದುವೆಯೇ ಅಲ್ಲ.

ನಮ್ಮ ಕಡೆ ಹಿರಿಯರ ಮುಂದೆ ಕೂತು ಬಿಡುಗಡೆ ಮಾಡಿಸುವುದು ಹಳೇ ಪದ್ಧತಿ. ಹಿಂದಿನವರು ಸೋಡಚೀಟಿ ಅನ್ನುತ್ತಿದ್ದರು. ಕೆಲವು ಸಮುದಾಯಗಳಲ್ಲಿ ಆಮೇಲೆ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಳ್ಳುವುದೂ ಇತ್ತು. ಹಿಂದೂ ವಿವಾಹ ಕಾಯ್ದೆ 1955ರ 29ನೇ ಕಲಂ ಇಂಥ ರೂಢಿಗತ ಬಿಡುಗಡೆಯನ್ನು ಪೂರ್ತಿ ಅಳಿಸಿ ಹಾಕಿಲ್ಲ. ಆದರೆ ತಮ್ಮ ಸಮುದಾಯದಲ್ಲಿ ಈ ಪದ್ಧತಿ ತಲೆತಲಾಂತರದಿಂದ ನಡೆದು ಬಂದಿದೆ ಅಂತ ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಇದು ಸುಲಭದ ಕೆಲಸ ಅಲ್ಲ. 'ನಮ್ಮೂರಲ್ಲಿ ಎಲ್ಲರೂ ಹೀಗೇ ಮಾಡ್ತಾರೆ' ಅಂದರೆ ಸಾಲದು. ನೋಟರಿ ಮೊಹರು ಹಾಕಿಸಿದರೂ ಅಷ್ಟೇ. ಸಹಿ ಮಾಡಿದವರು ಇವರೇ ಅಂತ ನೋಟರಿ ಹೇಳಬಹುದು, ಮದುವೆ ಮುರಿಯುವ ಅಧಿಕಾರ ಅವರಿಗಿಲ್ಲ.

ಇಲ್ಲಿ ಒಂದು ವಿಷಯ ಬೇರೆಯಾಗಿ ಹೇಳಬೇಕು. ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರು ಹಿಡಿದೇ ಒಳಗೆ ಸೇರಿಸಿಕೊಂಡಿದೆ. ಜೈನರೂ ಅದರಲ್ಲಿದ್ದಾರೆ. ಆದರೆ ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ನೇರವಾಗಿ ಅನ್ವಯ ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಇದೇ ಮಾತಿದೆ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಭಾಗದ ನಾಯಕ ಸಮುದಾಯದವರು ಇದನ್ನು ನೆನಪಿಡಬೇಕು. ನಿಮ್ಮಲ್ಲಿ ರೂಢಿಗೆ ತೂಕ ಜಾಸ್ತಿ. ಹಾಗಾಗಿ ಪಕ್ಕದ ಮನೆಯವರ ಕೇಸಿನ ಲೆಕ್ಕ ನಿಮ್ಮ ಕೇಸಿಗೆ ಹೊಂದದೇ ಇರಬಹುದು. ವಕೀಲರ ಹತ್ತಿರ ಮೊದಲೇ ಹೇಳಿ.

ಮತ್ತೆ ಆ ಪೇಪರಿಗೆ ಬರುತ್ತೇನೆ. ಅದರಲ್ಲಿ ಹೀಗೆ ಬರೆದಿತ್ತು: 'ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆ ಇರುತ್ತೇವೆ. ಹೆಂಡತಿಯು ಮುಂದೆ ಯಾವುದೇ ಜೀವನಾಂಶ ಕೇಳತಕ್ಕದ್ದಲ್ಲ.' ಎರಡನೇ ಸಾಲಿಗಿಂತ ಮೊದಲನೇ ಸಾಲು ಅಪಾಯದ್ದು. ಜೀವನಾಂಶ ಕೇಳುವುದಿಲ್ಲ ಅಂತ ಬರೆದುಕೊಟ್ಟರೂ ಕೋರ್ಟುಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಆದರೆ ಮೊದಲು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 125 ಆಗಿದ್ದ, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಆಗಿರುವ ಜೀವನಾಂಶದ ಕಲಂನಲ್ಲಿ ಒಂದು ತಡೆ ಇದೆ. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಆ ಕಲಂನಡಿ ಜೀವನಾಂಶ ಇಲ್ಲ. ಎದುರು ವಕೀಲರು ಮೊದಲು ತೋರಿಸುವುದೇ ಈ ಸಾಲನ್ನು. ನೋಡಿ, ಆ ಪೇಪರಿನಿಂದ ಡೈವೋರ್ಸ್ ಸಿಗಲಿಲ್ಲ. ಆದರೆ ಹೊಟ್ಟೆಪಾಡಿಗೆ ಅದೇ ಅಡ್ಡ ಬಂತು.

ಅದಕ್ಕೆ ಉತ್ತರ ಇಲ್ಲ ಅಂತಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದರೆ ಅವನ ಜೊತೆ ಇರಲು ಒಲ್ಲೆ ಅನ್ನುವುದಕ್ಕೆ ಅದೇ ನ್ಯಾಯವಾದ ಕಾರಣ ಅಂತ ಕಾನೂನೇ ಹೇಳುತ್ತದೆ. ಸಹಿ ಹಾಕಿಸಿಕೊಂಡ ಸಂದರ್ಭ ಎಂಥದ್ದು ಅಂತಲೂ ಕೋರ್ಟ್ ನೋಡುತ್ತದೆ. ಮಗನ ಜೀವನಾಂಶಕ್ಕಂತೂ ಆ ಪೇಪರ್ ಅಡ್ಡಿಯೇ ಅಲ್ಲ. ಅದು ಮಗುವಿನ ಹಕ್ಕು. ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಈ 144ನೇ ಕಲಂ ಎಲ್ಲ ಧರ್ಮದವರಿಗೂ ಇದೆ. ತಲಾಖ್ ಆದ ಮುಸ್ಲಿಂ ಮಹಿಳೆಯರೂ ಇದರಡಿ ಕೇಳಬಹುದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಖಚಿತಪಡಿಸಿದೆ.

"ಹಿಂದಿನ ಆರು ವರ್ಷದ್ದು?" ಅಂತ ಆಕೆ ಕೇಳಿದರು. ಅದು ಬರುವುದು ಕಷ್ಟ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಅರ್ಜಿ ಹಾಕಿದ ದಿನದಿಂದ ಜೀವನಾಂಶ ಲೆಕ್ಕ. ಅಂದರೆ 'ನೋಡೋಣ, ಹಿರಿಯರು ಮಾತಾಡ್ತಾರೆ' ಅಂತ ಕಳೆದ ಒಂದೊಂದು ತಿಂಗಳೂ ಕೈಬಿಟ್ಟ ಹಾಗೇ. ಮಾತುಕತೆ ನಡೆಯಲಿ, ಬೇಡ ಅನ್ನುವುದಿಲ್ಲ. ಅರ್ಜಿ ಹಾಕಿಟ್ಟು ಮಾತಾಡಿ.

ಅದೇ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಲೇಬೇಕು. ಸಂಬಳದಾರರದ್ದು ಸುಲಭ, ಸ್ಯಾಲರಿ ಸ್ಲಿಪ್ ಇರುತ್ತದೆ. ನಮ್ಮ ಜಿಲ್ಲೆಯ ಕಷ್ಟ ಅಡಿಕೆ ತೋಟದ್ದು. 'ಮಳೆ ಇಲ್ಲ, ಬೋರ್ ಬತ್ತಿದೆ, ಆದಾಯ ಇಲ್ಲ' ಅಂತ ಬರೆದುಬಿಡುತ್ತಾರೆ. ಅದಕ್ಕೇ ನಾನು ಪಹಣಿ ತರಿಸುತ್ತೇನೆ. ಮಂಡಿಯಲ್ಲಿ ಅಡಿಕೆ ಕೊಟ್ಟಾಗಿನ ಬಿಲ್ಲು, ಬೆಳೆ ಸಾಲದ ಕಾಗದ, ಹೊಸ ಟ್ರ್ಯಾಕ್ಟರಿನ ಫೋಟೋ ಏನಿದ್ದರೂ ಕೇಳುತ್ತೇನೆ. ಸಂಬಳದ ಶೇ 25 ಕೊಡಬೇಕು ಅನ್ನುವ ಮಾತು ಎಲ್ಲ ಕಡೆ ಹಬ್ಬಿದೆ. 2017ರ ಒಂದು ತೀರ್ಪಿನಲ್ಲಿ ಆ ಅಂಕಿ ಬಂದಿದ್ದು ನಿಜ. ಆದರೆ ಅದು ಎಲ್ಲರಿಗೂ ಅನ್ವಯಿಸುವ ಸೂತ್ರ ಅಲ್ಲ. ಗಂಡನ ಶಕ್ತಿ, ಹೆಂಡತಿಯ ಓದು ಮತ್ತು ಸಂಪಾದನೆ, ಮಕ್ಕಳ ಖರ್ಚು ಎಲ್ಲವನ್ನೂ ನೋಡಿ ಜಡ್ಜ್ ತೀರ್ಮಾನಿಸುತ್ತಾರೆ.

ಮಗುವಿನ ಬಗ್ಗೆ ಪೇಪರಿನಲ್ಲಿ ಒಂದೇ ಸಾಲಿತ್ತು: 'ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಗೆ ಸಂಬಂಧವಿಲ್ಲ.' ಮಗು ಯಾರ ಹತ್ತಿರ ಇರಬೇಕು ಅನ್ನುವುದನ್ನು ಹಿರಿಯರು ಹೀಗೆ ಒಂದು ಸಾಲಿನಲ್ಲಿ ಮುಗಿಸಲು ಆಗುವುದಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಆಮೇಲೆ ಕೋರ್ಟ್ ನೋಡುವುದು ಮಗುವಿನ ಹಿತ ಒಂದನ್ನೇ. ಸ್ವಲ್ಪ ದೊಡ್ಡ ಮಕ್ಕಳಾದರೆ ಜಡ್ಜ್ ತಮ್ಮ ಚೇಂಬರಿಗೆ ಕರೆದು ಮಾತಾಡಿಸುತ್ತಾರೆ. ಆ ದಿನ ಮಕ್ಕಳಿಗೆ ಮಾತು ಕಲಿಸಿ ಕರೆತರುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿಗೆ ಅದು ವರ್ಷಗಟ್ಟಲೆ ಭಾರವಾಗಿ ಉಳಿಯುತ್ತದೆ. ಅಪ್ಪನ ಮುಖ ನೋಡದ ಹಾಗೆ ಮಾಡುವುದೂ ಅಷ್ಟೇ ಕೆಟ್ಟದ್ದು. ಮಗುವಿನ ಪರಿಸ್ಥಿತಿ ಬದಲಾದರೆ ಕಸ್ಟಡಿ ಆದೇಶವನ್ನೂ ಬದಲಾಯಿಸಿಕೊಳ್ಳಬಹುದು.

ಇನ್ನು ಆಸ್ತಿ. ಇದನ್ನು ಕೇಳಿ ಆ ತಂದೆ ಕುರ್ಚಿ ಹತ್ತಿರ ಎಳೆದುಕೊಂಡರು. ಹಿಂದೂ ಕಾನೂನಿನಲ್ಲಿ, ವಿಲ್ ಬರೆಯದೆ ಆ ಗಂಡ ನಾಳೆ ತೀರಿಕೊಂಡರೆ ಅವನ ವಾರಸುದಾರರು ಯಾರು? ಕಾನೂನುಬದ್ಧ ಹೆಂಡತಿಯಾದ ಈಕೆ, ಅವನ ಮಕ್ಕಳು, ಅವನ ತಾಯಿ. ಅವನ ಜೊತೆ ಈಗ ಸಂಸಾರ ಮಾಡುತ್ತಿರುವ ಹೆಣ್ಣುಮಗಳಿಗೆ ವಾರಸಿನ ಪಾಲು ಇಲ್ಲ. ಆಕೆ ನಂಬಿ ಮದುವೆಯಾದವಳು, ತಪ್ಪು ಆಕೆಯದ್ದಲ್ಲ. ಆಕೆಯ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕಿದೆ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಕೇಸಿನಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದರೆ ಆಕೆಗೆ? ಬಾಂಡ್ ಪೇಪರ್ ನೋಡಿ 'ಡೈವೋರ್ಸ್ ಆಗಿದೆ' ಅಂತ ನಂಬಿ ಮಗಳನ್ನು ಕೊಡುವವರಿಗೆ ನಾನು ಕೈಮುಗಿದು ಹೇಳುತ್ತೇನೆ, ಕೋರ್ಟಿನ ಡಿಕ್ರಿಯ, ಅಂದರೆ ವಿಚ್ಛೇದನದ ಆದೇಶದ, ದೃಢೀಕೃತ ಪ್ರತಿ ಕೇಳಿ. ಅದಿಲ್ಲದಿದ್ದರೆ ಲಗ್ನಪತ್ರಿಕೆ ಮಾಡಿಸಬೇಡಿ.

ಸಾವಾದ ಮೇಲೆ ವಂಶವೃಕ್ಷ ಮಾಡಿಸುವಾಗ ಮೊದಲ ಹೆಂಡತಿ ಮತ್ತು ಮಗುವಿನ ಹೆಸರು ಬಿಟ್ಟು ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ) ಮಾಡಿಸಿಕೊಳ್ಳುವುದೂ ನಡೆಯುತ್ತದೆ. ಹೆದರಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ.

ಆಮೇಲೆ ನಾನು ಆ ತಂದೆಯನ್ನೇ ಕೇಳಿದೆ, "ನಿಮ್ಮ ಜಮೀನಿನ ಕಥೆ ಏನು ಯಜಮಾನ್ರೇ?" ಅವರಿಗೆ ಎರಡು ಎಕರೆ ಪಿತ್ರಾರ್ಜಿತ, ಒಂದು ಎಕರೆ ತಾವೇ ಕೊಂಡದ್ದು. ಮಗನಿದ್ದಾನೆ. "ಮಗಳಿಗೆ ಮದುವೆಗೇ ಖರ್ಚು ಮಾಡೀವಲ್ಲ" ಅಂದರು. ಮದುವೆ ಖರ್ಚು ಪಾಲಿನ ಲೆಕ್ಕಕ್ಕೆ ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲಾಗಿದ್ದರೆ ಮಾತ್ರ ಅದು ಹಾಗೇ ಉಳಿಯುತ್ತದೆ. ತಾವೇ ಕೊಂಡ ಒಂದು ಎಕರೆಯನ್ನೂ ಪಿತ್ರಾರ್ಜಿತದ ತಮ್ಮ ಪಾಲನ್ನೂ ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು.

ವಿಲ್ ಬರೆಯಲು ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನೀವು ಸಹಿ ಮಾಡುವುದನ್ನು ಅವರು ನೋಡಬೇಕು, ನಿಮ್ಮ ಎದುರೇ ಅವರೂ ಸಹಿ ಮಾಡಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ ಅಂತ ನಾನು ಹೇಳುತ್ತೇನೆ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. ಮುಂದೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ ಅಲ್ವಾ? ಇನ್ನೊಂದು ಮಾತು: ಡೈವೋರ್ಸ್ ಆದರೆ ಹಳೇ ವಿಲ್, ಬ್ಯಾಂಕು, ಪಿಎಫ್, ಎಲ್ಐಸಿಯ ನಾಮಿನಿ ತಂತಾನೇ ಬದಲಾಗುತ್ತದೆ ಅಂದುಕೊಳ್ಳಬೇಡಿ. ನೀವೇ ಹೋಗಿ ಬದಲಾಯಿಸಬೇಕು.

ಇಬ್ಬರಿಗೂ ನಿಜವಾಗಿ ಬೇರೆಯಾಗುವ ಮನಸ್ಸಿದ್ದರೆ ದಾರಿ ಅಷ್ಟೇನೂ ಕಷ್ಟದ್ದಲ್ಲ. ಒಂದು ವರ್ಷ ಬೇರೆ ಇದ್ದ ಮೇಲೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ ಜಂಟಿ ಅರ್ಜಿ. ಆರು ತಿಂಗಳ ನಂತರ ಎರಡನೇ ಹೇಳಿಕೆ, ಆಮೇಲೆ ಡಿಕ್ರಿ. ಬೇರೆಯಾಗಿ ಬಹಳ ಕಾಲವಾಗಿದ್ದು, ಎಲ್ಲ ಲೆಕ್ಕ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲೇ ತೀರ್ಪಾಗಿದೆ. ಒಡವೆ, ಹಣ, ಮಗುವಿನ ವ್ಯವಸ್ಥೆ ಎಲ್ಲ ಅರ್ಜಿಯಲ್ಲೇ ಬರೆಸಿ. ಹಣವನ್ನು ಡಿಡಿಯಲ್ಲಿ ಪಡೆಯಿರಿ, ಕೊನೆಯ ಕಂತು ಎರಡನೇ ಹೇಳಿಕೆಯ ದಿನ ಕೋರ್ಟಿನಲ್ಲೇ ಕೈಸೇರಲಿ.

ಖರ್ಚಿಗೆ ಹೆದರಿ ಬರದೇ ಇರಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಸಹಾಯವಾಣಿ 15100. ಗಂಡನ ಊರಿಗೇ ಹೋಗಿ ಕೇಸು ಹಾಕಬೇಕಿಲ್ಲ, ನೀವು ಈಗ ಇರುವ ಜಾಗದ ಕೋರ್ಟಿನಲ್ಲೇ ಹಾಕಬಹುದು. ಬರುವಾಗ ಮದುವೆ ಫೋಟೋ, ಲಗ್ನಪತ್ರಿಕೆ, ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಫೀಸ್ ರಸೀದಿ ತನ್ನಿ. ಬಾಂಡ್ ಪೇಪರ್ ಇದ್ದರೆ ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಅದನ್ನೂ ತನ್ನಿ. ಬೇರೆಯಾದ ತಾರೀಖು, ಅವತ್ತು ಕೂತಿದ್ದವರ ಹೆಸರು, ಕೊಟ್ಟ ದುಡ್ಡಿನ ಲೆಕ್ಕ ಬೇರೆಲ್ಲೂ ಸಿಗದೆ ಅದರಲ್ಲೇ ಸಿಗುವುದುಂಟು.