ಹಣ ಮಂಜೂರಾಯಿತು, ಕೈಗೆ ಬರಲಿಲ್ಲ: ಪೋರ್ಟೊರಿಕೊ ಪಾಡು

ಪೋರ್ಟೊರಿಕೊ ಎಂದರೆ ಅಮೆರಿಕದ ಆಡಳಿತಕ್ಕೆ ಸೇರಿದ, ಆದರೆ ರಾಜ್ಯವಲ್ಲದ ಕೆರಿಬಿಯನ್ ದ್ವೀಪ. ಅದರ ಪಕ್ಕದಲ್ಲಿ, ಅದಕ್ಕೇ ಸೇರಿದ ವಿಯೆಕೆಸ್ ಅಂತ ಒಂದು ಪುಟ್ಟ ದ್ವೀಪವಿದೆ. ಅಲ್ಲಿದ್ದದ್ದು ಒಂದೇ ಆಸ್ಪತ್ರೆ. 2017ರ ಸೆಪ್ಟೆಂಬರ್ 20ರಂದು ಬಂದ ಮರಿಯಾ ಚಂಡಮಾರುತಕ್ಕೆ ಅದೂ ಹಾಳಾಯಿತು. ಹೊಸದನ್ನು ಕಟ್ಟಲು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಸುಮಾರು 4 ಕೋಟಿ ಡಾಲರ್ ಮಂಜೂರು ಮಾಡಿದ್ದು 2020ರ ಜನವರಿಯಲ್ಲಿ. ಅಷ್ಟು ದಿನವೂ ಡಯಾಲಿಸಿಸ್ ಬೇಕಾದವರು ವಾರವಾರವೂ ಸಮುದ್ರ ದಾಟಿ ದೊಡ್ಡ ದ್ವೀಪಕ್ಕೆ ಹೋಗಿಬರುತ್ತಿದ್ದರು.

ಇಷ್ಟು ತಡ ಯಾಕೆ? ಸರ್ಕಾರದ ಹತ್ತಿರ ದುಡ್ಡಿರಲಿಲ್ಲ ಅಂತಲ್ಲ. ತೊಡಕು ಶುರುವಾಗುವುದು ಅಮೆರಿಕದ ವಿಪತ್ತು ಪರಿಹಾರ ಕಾನೂನಾದ 1988ರ ಸ್ಟಾಫರ್ಡ್ ಕಾಯ್ದೆಯಿಂದ. ಹಾಳಾದ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟುವ ಖರ್ಚಿನಲ್ಲಿ ಕನಿಷ್ಠ ಶೇ. 75ರಷ್ಟನ್ನು ಅದರಡಿ ಕೇಂದ್ರ ಕೊಡುತ್ತದೆ. ಆದರೆ ದೊಡ್ಡ ಕಾಮಗಾರಿಗಳಲ್ಲಿ ರೂಢಿ ಬೇರೆ: ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ಲು ತನ್ನಿ. ಕೈಯಲ್ಲಿ ಕಾಸಿರುವ ರಾಜ್ಯ ಹೇಗೋ ನಿಭಾಯಿಸುತ್ತದೆ. ಪೋರ್ಟೊರಿಕೊ ಮೇಲೆ 7,000 ಕೋಟಿ ಡಾಲರ್‌ಗೂ ಜಾಸ್ತಿ ಸಾಲವಿತ್ತು. ಮರಿಯಾ ಬರುವ ನಾಲ್ಕು ತಿಂಗಳ ಮೊದಲೇ ಅದು ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಗಿತ್ತು. ಗುತ್ತಿಗೆದಾರನಿಗೆ ಮೊದಲ ಕಂತು ಕೊಡಲು ಎಲ್ಲಿಂದ ತರಬೇಕು?

ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿದ ಸ್ಯಾಂಡಿ ಚಂಡಮಾರುತದ ನಂತರ, 2013ರಲ್ಲಿ, ಕೆಲಸ ಚುರುಕಾಗಲೆಂದು ಹೊಸ ದಾರಿ ತೆರೆದರು. ಫೀಮಾ ಮತ್ತು ಸ್ಥಳೀಯ ಸರ್ಕಾರ ಎರಡೂ ಕಡೆಯವರು ಕೂತು ಅಂದಾಜು ವೆಚ್ಚವನ್ನು ಮೊದಲೇ ನಿಗದಿ ಮಾಡಬೇಕು. ಉಳಿದರೆ ನಿಮಗೆ, ಮೀರಿದರೂ ನಿಮ್ಮ ತಲೆಗೇ. ಕೇಳಲು ಚೆನ್ನಾಗಿದೆ, ಅಲ್ವಾ? ಪೋರ್ಟೊರಿಕೊದಲ್ಲಿ ಆ ಅಂದಾಜು ಒಪ್ಪಿಸುವುದೇ ವರ್ಷಗಟ್ಟಲೆ ಎಳೆಯಿತು. ಹಳೆಯ ಸ್ಥಿತಿಗಷ್ಟೇ ಅಲ್ಲ, ಇಂದಿನ ಗುಣಮಟ್ಟಕ್ಕೆ ಕಟ್ಟಬಹುದು ಎಂದು 2018ರಲ್ಲಿ ಸಂಸತ್ತು ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಆ ಗುಣಮಟ್ಟಕ್ಕೆ ಎಷ್ಟು ಖರ್ಚು ಎಂಬ ಚೌಕಾಸಿ ಬೇರೆ ಶುರುವಾಯಿತು.

ಅಪನಂಬಿಕೆಯೂ ಸೇರಿಕೊಂಡಿತು. ವಿದ್ಯುತ್ ಜಾಲ ದುರಸ್ತಿಗೆ ಅಮೆರಿಕದ ಮೊಂಟಾನಾ ರಾಜ್ಯದ ಸಣ್ಣ ಕಂಪನಿಯೊಂದಕ್ಕೆ ಕೊಟ್ಟಿದ್ದ 30 ಕೋಟಿ ಡಾಲರ್ ಗುತ್ತಿಗೆ ಗಲಾಟೆಯಾಗಿ ರದ್ದಾಯಿತು. ಅನುಮಾನಕ್ಕೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. ಆದರೆ ಒಂದೊಂದು ಬಿಲ್ಲನ್ನೂ ಫೀಮಾ ಕೈಯಲ್ಲಿ ಹಿಡಿದು ನೋಡುವ ಪದ್ಧತಿ ಬಂದಾಗ ಸಿಕ್ಕಿಬಿದ್ದವು ಬಡ ಪುರಸಭೆಗಳು.

ವಿದ್ಯುತ್ ಜಾಲಕ್ಕೆ 960 ಕೋಟಿ ಡಾಲರ್ ಘೋಷಣೆಯಾದದ್ದು 2020ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷ ಚುನಾವಣೆಗೆ ಆರೇಳು ವಾರ ಇದ್ದಾಗ. ಎರಡು ವರ್ಷದ ಮೇಲೆ ಫಿಯೋನಾ ಚಂಡಮಾರುತ ಬಂದಾಗ ಇಡೀ ದ್ವೀಪದಲ್ಲಿ ಮತ್ತೆ ಕರೆಂಟ್ ಹೋಯಿತು. ಹೊಸ ಜಾಲ ಇನ್ನೂ ಬಹುಪಾಲು ಕಡತದಲ್ಲೇ ಇತ್ತು.

ಕಾಮಗಾರಿ ವೆಚ್ಚದ ಶೇ. 25ರಷ್ಟನ್ನು ಮುಂಗಡವಾಗಿ ಕೊಡುವ ವ್ಯವಸ್ಥೆ ಶುರುವಾದದ್ದೂ ಅದೇ 2022ರಲ್ಲಿ. ಖಾಲಿ ಬೊಕ್ಕಸದ ಊರಿಗೆ ಮೊದಲ ದಿನದಿಂದ ಬೇಕಿದ್ದದ್ದು ಇದೊಂದೇ. ಅದಕ್ಕೆ ಐದು ವರ್ಷ ಹಿಡಿಯಿತು.